ಚರ್ಮ ಕೊಯ್ಯದೆ ಚರ್ಮರೋಗ ತಿಳಿಯುವ ಬಗೆ



ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಗೊಬ್ಬರ, ಔಷಧ ಸಿಂಪರಣೆ, ಧಾರಣೆ, ಸಾಲದ ಕಂತು ಇವುಗಳ ಮಾತೇ ಹೆಚ್ಚು. ಈ ಸಲ ಕಾರ್ಯದರ್ಶಿಗೆ ಚರ್ಮರೋಗದ ಗೊಡವೆ ಏಕೆ ಬಂತು ಎಂದು ಕೇಳುವವರಿಗೆ ಮೊದಲೇ ಕಾರಣ ಹೇಳಿಬಿಡುತ್ತೇನೆ. ಕಳೆದ ಮಳೆಗಾಲದಲ್ಲಿ ನಮ್ಮ ತೋಟದ ಲೈನಿನಲ್ಲಿರುವ ಒಬ್ಬಾಕೆಗೆ ಸೊಂಟದ ಸುತ್ತ ಕೆಂಪಗೆ ತುರಿಕೆ ಎದ್ದಿತು. ಒದ್ದೆ ಬಟ್ಟೆಯಲ್ಲಿ ದಿನವಿಡೀ ಕೆಲಸ ಮಾಡುವವರಿಗೆ ಇದು ಹೊಸದೇನಲ್ಲ. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿ ಒಂದು ಮುಲಾಮಿನ ಟ್ಯೂಬು ತಂದುಕೊಟ್ಟೆ. ಮೂರು ದಿನದಲ್ಲಿ ತುರಿಕೆ ನಿಂತಿತು. ಹದಿನೈದು ದಿನಕ್ಕೆ ಮತ್ತೆ ಬಂತು. ಮತ್ತೊಂದು ಟ್ಯೂಬು. ಹೀಗೆ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅದು ತೊಡೆಗೂ ಬೆನ್ನಿಗೂ ಹರಡಿ, ರಾತ್ರಿ ನಿದ್ದೆ ಇಲ್ಲದೆ ಆಕೆ ಕೆಲಸಕ್ಕೆ ಬರುವುದನ್ನೇ ಬಿಟ್ಟಳು. ದೊಡ್ಡಾಸ್ಪತ್ರೆಗೆ ಹೋಗು ಎಂದರೆ, "ಅಲ್ಲಿ ಚರ್ಮ ಕೊಯ್ದು ತೆಗೀತಾರಂತೆ ಅಯ್ಯಾ" ಎಂದು ಅಳು. ಕಡೆಗೆ ನಾನೇ ಜೊತೆಗೆ ಹೋದೆ. ಚರ್ಮದ ವೈದ್ಯರು ಕೊಯ್ಯಲಿಲ್ಲ. ಮೊಂಡು ಅಲಗಿನಿಂದ ದದ್ದಿನ ಅಂಚನ್ನು ಒಂದಿಷ್ಟು ಕೆರೆದು ಗಾಜಿನ ಮೇಲೆ ಉದುರಿಸಿಕೊಂಡರು. ಅರ್ಧ ಗಂಟೆಯೊಳಗೆ ಉತ್ತರ ಬಂತು: ಹುಳುಕಡ್ಡಿ. ನಾನು ತಂದುಕೊಟ್ಟ ಮುಲಾಮಿನಲ್ಲಿದ್ದ ಸ್ಟೀರಾಯ್ಡ್ ಆ ಬೂಷ್ಟಿಗೆ ಗೊಬ್ಬರ ಹಾಕಿದಂತೆ ಆಗಿತ್ತು.

ತಪ್ಪು ನನ್ನದು. ಆದುದರಿಂದ ಈ ವಿಷಯವನ್ನು ಓದಿ, ತಿಳಿದವರನ್ನು ಕೇಳಿ, ನಾಲ್ಕು ಮಾತು ಬರೆಯುವ ಹೊಣೆಯೂ ನನ್ನದೇ ಎಂದುಕೊಂಡಿದ್ದೇನೆ.

ಚರ್ಮ ಕೆಂಪಾಗಿ, ಬಿಸಿಯಾಗಿ, ಊದಿ, ತುರಿಸುವುದಕ್ಕೆ ವೈದ್ಯರು ಉರಿಯೂತ ಎನ್ನುತ್ತಾರೆ. ಅದೊಂದು ರೋಗದ ಹೆಸರಲ್ಲ. ಶರೀರದ ಕಾವಲು ಕಣಗಳು ಯಾವುದೋ ಕಾರಣಕ್ಕೆ ಅಲ್ಲಿ ಗುಂಪುಗೂಡಿವೆ ಎಂಬುದರ ಗುರುತು ಅಷ್ಟೆ. ಕಾಫಿ ಎಲೆ ಹಳದಿಯಾಗುವುದಿಲ್ಲವೇ, ಹಾಗೆ. ಹಳದಿಗೆ ಸಾರಜನಕದ ಕೊರತೆ ಕಾರಣವಿರಬಹುದು, ಬುಡದಲ್ಲಿ ನೀರು ನಿಂತಿರಬಹುದು, ಕಾಂಡ ಕೊರಕ ಒಳಹೊಕ್ಕಿರಬಹುದು. ನೋಡಿದ ತಕ್ಷಣ ಯೂರಿಯಾ ಎರಚುವವನು ಒಂದು ಸಲ ಗೆಲ್ಲುತ್ತಾನೆ, ಮೂರು ಸಲ ಸೋಲುತ್ತಾನೆ. ನಮ್ಮ ಕಡೆಯ ದದ್ದುಗಳಿಗೂ ಕಾರಣ ಹತ್ತಾರು. ಮರಕಸಿ ಕಾಲದಲ್ಲಿ ಕಾಡುಗೇರಿನ ಸೊನೆ ತಾಗಿ ಬೊಬ್ಬೆ ಏಳುವುದು ಎಲ್ಲರಿಗೂ ಗೊತ್ತು. ನೆರಳು ಮರದ ಕಂಬಳಿಹುಳುವಿನ ರೋಮ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ, ಕಣದ ಕೆಲಸದ ಸಿಮೆಂಟು, ರಬ್ಬರ್ ಬೂಟು ಇವೆಲ್ಲ ಹೊರಗಿನಿಂದ ತಾಗುವಂಥವು. ಕಜ್ಜಿ, ಹುಳುಕಡ್ಡಿ ಒಬ್ಬರಿಂದೊಬ್ಬರಿಗೆ ಹರಡುವಂಥವು. ಇಸಬು, ಸೋರಿಯಾಸಿಸ್ ಮುಂತಾದವು ಒಳಗಿನಿಂದಲೇ ಏಳುವಂಥವು. ಮೇಲ್ನೋಟಕ್ಕೆ ಇವುಗಳಲ್ಲಿ ಒಂದು ಇನ್ನೊಂದರಂತೆಯೇ ತೋರುತ್ತದೆ. ಅದೂ ಅಲ್ಲದೆ ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕೆಂಪು ಕೆಂಪಾಗಿ ಕಾಣುವುದಿಲ್ಲ, ಕಂದಾಗಿಯೋ ನೇರಳೆಯಾಗಿಯೋ ಕಾಣುತ್ತದೆ. ಪುಸ್ತಕದ ಚಿತ್ರಗಳೆಲ್ಲ ಬಹುಕಾಲ ಬಿಳಿಯರ ಚರ್ಮದವೇ ಆಗಿದ್ದವು. ಹಾಗಾಗಿ ಬರೀ ಕಣ್ಣನ್ನು ನಂಬುವುದು ನಮಗೆ ಇನ್ನಷ್ಟು ಕಷ್ಟ.

ಮಾದರಿ ತೆಗೆಯುವುದು ಎಂದರೆ ಕೊಯ್ಯುವುದು ಎಂದೇ ಜನರ ಭಾವನೆ. ವಾಸ್ತವವಾಗಿ ಅದರಲ್ಲಿ ಮೆಟ್ಟಿಲುಗಳಿವೆ. ಎಲೆತುಕ್ಕನ್ನು ತಿಳಿಯಲು ಗಿಡ ಕಡಿಯಬೇಕಾಗಿಲ್ಲ, ಎಲೆಯ ಅಡಿಗೆ ಬೆರಳು ಸವರಿದರೆ ಕಿತ್ತಳೆ ಪುಡಿ ಅಂಟುತ್ತದೆ. ಕಾಂಡ ಕೊರಕವಾದರೆ ತೊಗಟೆ ಉಜ್ಜಿ ನೋಡಬೇಕು, ಒಮ್ಮೊಮ್ಮೆ ಕಾಂಡವನ್ನೇ ಸೀಳಬೇಕು. ರೋಗ ಎಷ್ಟು ಆಳದಲ್ಲಿದೆಯೋ ಮಾದರಿಯೂ ಅಷ್ಟು ಆಳದಿಂದ ಬರಬೇಕು. ಚರ್ಮಕ್ಕೂ ಇದೇ ನ್ಯಾಯ.

ಎಲ್ಲಕ್ಕಿಂತ ಸುಲಭವಾದದ್ದು ಮೇಲೆ ಹೇಳಿದ ಕೆರೆತ. ಹುಳುಕಡ್ಡಿ ಹೆಸರಿನಲ್ಲಿ ಹುಳು ಇದ್ದರೂ ಅದು ಹುಳುವಲ್ಲ, ಶಿಲೀಂಧ್ರ. ನಡುವಿನಿಂದ ಹೊರಕ್ಕೆ ಬೆಳೆಯುತ್ತಾ ಹೋಗುತ್ತದೆ. ಆದ್ದರಿಂದ ಜೀವಂತ ಬೂಷ್ಟು ಸಿಗುವುದು ಉಂಗುರದ ಅಂಚಿನಲ್ಲಿ. ಅಲ್ಲಿಂದ ಕೆರೆದ ಹೊಟ್ಟಿನ ಮೇಲೆ ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಒಂದು ತೊಟ್ಟು ಬಿಟ್ಟು ಸ್ವಲ್ಪ ಹೊತ್ತು ಇಟ್ಟರೆ ಚರ್ಮದ ಕಣಗಳು ಕರಗಿ ತಿಳಿಯಾಗುತ್ತವೆ, ಶಿಲೀಂಧ್ರದ ಎಳೆಗಳು ಮಾತ್ರ ಕರಗದೆ ಉಳಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಕವಲೊಡೆದ ದಾರದಂತೆ ಕಾಣುತ್ತವೆ. ರಕ್ತವಿಲ್ಲ, ಸೂಜಿಯಿಲ್ಲ, ಖರ್ಚೂ ಅತ್ಯಲ್ಪ. ಯಾವ ಜಾತಿಯ ಶಿಲೀಂಧ್ರ ಎಂದು ತಿಳಿಯಬೇಕಾದರೆ ಮಾತ್ರ ಅದನ್ನು ಬೆಳೆಸಿ ನೋಡಬೇಕು. ಅದಕ್ಕೆ ಕೆಲವು ವಾರಗಳು ಬೇಕು. ಇದು ಈಗ ಬರೀ ಪಾಂಡಿತ್ಯದ ಪ್ರಶ್ನೆಯಾಗಿ ಉಳಿದಿಲ್ಲ. 2020ರಲ್ಲಿ ಜಪಾನಿನ ವಿಜ್ಞಾನಿಗಳು ಹೆಸರಿಟ್ಟ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಜಾತಿ ನಮ್ಮ ದೇಶದಲ್ಲಿ ವ್ಯಾಪಕವಾಗಿದೆ, ಹೆಸರಿನಲ್ಲೇ ಇಂಡಿಯಾ ಇದೆ. ಹಳೆಯ ಮಾಮೂಲು ಮಾತ್ರೆಗೆ ಅದು ಹಲವು ವೇಳೆ ಬಗ್ಗುವುದಿಲ್ಲ. ಬೇಕಾಬಿಟ್ಟಿ ಮಿಶ್ರ ಮುಲಾಮುಗಳ ಬಳಕೆ ಈ ಪಿಡುಗು ಬೆಳೆಯಲು ಒಂದು ದೊಡ್ಡ ಕಾರಣವೆಂದು ನಮ್ಮ ದೇಶದ ಚರ್ಮವೈದ್ಯರು ಹೇಳುತ್ತಲೇ ಬಂದಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಚೀಟಿ ಇಲ್ಲದೆ ನನಗೆ ಟ್ಯೂಬು ಹೇಗೆ ಸಿಕ್ಕಿತು ಎಂದು ಕೇಳಬೇಡಿ.

ಕೆರೆತಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಕುಷ್ಠದ ಪರೀಕ್ಷೆ. ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಸುಕಿ, ರಕ್ತ ಬಾರದಂತೆ ಮಾಡಿ, ಸುಮಾರು 5 ಮಿಲಿಮೀಟರ್ ಉದ್ದದ ಚಿಕ್ಕ ಸೀಳು ಹಾಕಿ, ಒಳಗಿನ ರಸವನ್ನು ಕೆರೆದು ಗಾಜಿಗೆ ಸವರುತ್ತಾರೆ. ಕುಷ್ಠದ ರೋಗಾಣು ಶರೀರದ ತಂಪು ಭಾಗಗಳಲ್ಲಿ ನೆಲೆಸುವುದರಿಂದ ಕಿವಿಯ ಹಾಲೆ. ನಮ್ಮ ಹಿಂದಿನ ತಲೆಮಾರಿನಲ್ಲಿ ಚರ್ಮದ ಮಾದರಿ ಎಂದರೆ ಇದೇ. ಆ ಭಯ ಇನ್ನೂ ಹೋಗಿಲ್ಲ. ಲೈನಿನಲ್ಲಿ ಯಾರಿಗಾದರೂ ಬಿಳಿಚಿದ ಮಚ್ಚೆ ಬಂದರೆ ಪಿಸುಮಾತು ಶುರು. ಮಚ್ಚೆಯ ಮೇಲೆ ಸ್ಪರ್ಶಜ್ಞಾನ ಕಡಮೆಯಾಗಿದ್ದರೆ ಅವಶ್ಯ ತೋರಿಸಬೇಕು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ ಇದು ಪೂರ್ಣ ಗುಣವಾಗುವ ಕಾಯಿಲೆ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. 2005ರ ಕೊನೆಯಲ್ಲಿ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಕುಷ್ಠ ನಿವಾರಣೆಯಾಯಿತೆಂದು ಘೋಷಿಸಿದರೂ ಹೊಸ ರೋಗಿಗಳು ದೇಶದಲ್ಲಿ ಈಗಲೂ ಪತ್ತೆಯಾಗುತ್ತಲೇ ಇದ್ದಾರೆ. ಬಹುಪಾಲು ಬಿಳಿ ಮಚ್ಚೆಗಳು ಮಾತ್ರ ಬರೀ ಚಿಬ್ಬು. ಅದಕ್ಕೆ ಪಾರದರ್ಶಕ ಅಂಟುಪಟ್ಟಿಯನ್ನು ಒತ್ತಿ ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು.

ಈ ಅಂಟುಪಟ್ಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ನಮ್ಮ ರಾಜ್ಯದ್ದೇ ಆದ ಒಂದು ಕಥೆ ಹೇಳಬೇಕು.

ಕಾಂಗ್ರೆಸ್ ಕಳೆ, ಅಂದರೆ ಪಾರ್ಥೇನಿಯಂ, ಅಮೆರಿಕ ಖಂಡದ ಗಿಡ. 1956ರಲ್ಲಿ ಪುಣೆಯಲ್ಲಿ ಅದನ್ನು ಕಂಡು ದಾಖಲಿಸಿದರು. ಒಂದೇ ಗಿಡ ಹತ್ತು ಸಾವಿರಕ್ಕೂ ಮೇಲ್ಪಟ್ಟು ಬೀಜ ಉದುರಿಸುವುದರಿಂದ ಸ್ವಲ್ಪ ಕಾಲದಲ್ಲೇ ಬೆಂಗಳೂರಿನ ಖಾಲಿ ನಿವೇಶನಗಳನ್ನೂ ಬಯಲುಸೀಮೆಯ ರಸ್ತೆ ಬದಿಗಳನ್ನೂ ಆಕ್ರಮಿಸಿತು. ಅದರ ಜೊತೆಗೇ ಒಂದು ವಿಚಿತ್ರ ಚರ್ಮರೋಗ ಬಂತು. ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆ, ಅಂದರೆ ಗಾಳಿಯ ಧೂಳು ಕೂರುವ ಜಾಗಗಳಲ್ಲೆಲ್ಲ ಚರ್ಮ ದಪ್ಪವಾಗಿ, ಬಿರಿದು, ತುರಿಸುವುದು. ಮೊದಮೊದಲು ಕಳೆ ಬೆಳೆಯುವ ಕಾಲದಲ್ಲಿ ಹೆಚ್ಚಿ ಆಮೇಲೆ ಇಳಿಯುತ್ತದೆ. ವರ್ಷಗಳು ಕಳೆದಂತೆ ಹನ್ನೆರಡು ತಿಂಗಳೂ ಕಾಡುತ್ತದೆ. ಕಾರಣ ಪಾರ್ಥೆನಿನ್ ಎಂಬ ವಸ್ತು. ಅದು ಗಿಡದ ಸೂಕ್ಷ್ಮ ರೋಮಗಳಲ್ಲಿರುತ್ತದೆ, ಗಿಡ ಒಣಗಿ ಧೂಳಾದ ಮೇಲೂ ಇರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಕಳೆಯ ಸಂಪರ್ಕದಲ್ಲಿದ್ದವರ ಪೈಕಿ ಶೇಕಡ 4 ಮಂದಿಗೆ ಮೈಯ ತೆರೆದ ಭಾಗಗಳಲ್ಲಿ ರೋಗ ಕಾಣಿಸಿಕೊಂಡಿತ್ತು. ಆದರೆ ಶೇಕಡ 56 ಮಂದಿಯ ಶರೀರ, ಹೊರಗೆ ಏನೂ ಕಾಣದಿದ್ದರೂ, ಒಳಗೊಳಗೇ ಆ ಕಳೆಯ ವಿರುದ್ಧ ಸಿಡಿಯಲು ತಯಾರಾಗಿತ್ತು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಸ್ವಲ್ಪ ಯೋಚಿಸಿ ನೋಡಿ. ಚರ್ಮ ಶುದ್ಧವಾಗಿದೆ ಎಂದು ನಾವು ತಿಳಿದವರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಒಳಗೆ ಕೆಂಡವಿತ್ತು. 1975ರಲ್ಲಿಯೇ ಕರ್ನಾಟಕ ಸರ್ಕಾರ 1968ರ ಪೀಡೆ ಮತ್ತು ರೋಗಗಳ ಕಾಯಿದೆಯಡಿ ಇದನ್ನು ಹಾನಿಕರ ಕಳೆ ಎಂದು ಸಾರಿತ್ತು. 1984ರಲ್ಲಿ ಮೆಕ್ಸಿಕೋದಿಂದ ತಂದ ಒಂದು ದುಂಬಿಯನ್ನು ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ಎಲೆ ತಿನ್ನುತ್ತಲೇ ಇದೆ, ಕಾಯಿದೆ ಪುಸ್ತಕದಲ್ಲಿದೆ, ಕಳೆ ರಸ್ತೆಯಲ್ಲಿದೆ.

ನಮ್ಮ ಜಡಿಮಳೆಯ ಸೀಮೆಯಲ್ಲಿ ಅದರ ಆರ್ಭಟ ಬಯಲಿನಷ್ಟಿಲ್ಲ. ಆದರೆ ಕೊಯ್ಲಿಗೆ ಬಯಲುಸೀಮೆಯಿಂದ ಬರುವ ಕೂಲಿಯವರ ಕತ್ತು, ರೆಪ್ಪೆಗಳನ್ನು ಗಮನಿಸಿ. "ಕಾಫಿ ಗಿಡ ಮೈಗೆ ಆಗೋದಿಲ್ಲ" ಎಂದು ಅವರು ಹೇಳುವಾಗ ತಪ್ಪಿತಸ್ಥ ಗಿಡ ಅವರ ಊರಿನ ಹೊಲದ ಬದುವಿನಲ್ಲಿ ಇರಬಹುದು.

ಇದನ್ನು ತಿಳಿಯಲು ಇರುವುದು ಪ್ಯಾಚ್ ಪರೀಕ್ಷೆ. 1895ರಲ್ಲಿ ಜಾಡಸ್ಸೋನ್ ಎಂಬ ವೈದ್ಯ ತೋರಿಸಿದ ವಿಧಾನ. ಸಂಶಯವಿರುವ ವಸ್ತುಗಳನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ ಪುಟ್ಟ ಪುಟ್ಟ ಬಟ್ಟಲುಗಳಲ್ಲಿಟ್ಟು ಬೆನ್ನಿನ ಮೇಲ್ಭಾಗಕ್ಕೆ ಅಂಟಿಸುತ್ತಾರೆ. 48 ಗಂಟೆಯ ನಂತರ ಕಿತ್ತು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಯಾವ ಬಟ್ಟಲಿನ ಅಡಿಯಲ್ಲಿ ಕೆಂಪಾಗಿ ಗುಳ್ಳೆ ಎದ್ದಿದೆಯೋ ಅದರ ಮೇಲೆ ಸಂಶಯ ಗಟ್ಟಿಯಾಯಿತು. ಭಾರತಕ್ಕೆಂದೇ ಇರುವ ಪಟ್ಟಿಯಲ್ಲಿ ಪಾರ್ಥೇನಿಯಂ ಇದೆ, ಸಿಮೆಂಟಿನಲ್ಲಿರುವ ಕ್ರೋಮಿಯಂ ಲವಣವಿದೆ, ಒಡವೆಯ ನಿಕ್ಕಲ್, ರಬ್ಬರಿಗೆ ಬೆರೆಸುವ ರಾಸಾಯನಿಕಗಳೂ ಇವೆ. ಸೂಕ್ಷ್ಮವಾಗಿ ಹೇಳುವುದಾದರೆ ಇದು ಚರ್ಮದಿಂದ ಮಾದರಿ ತೆಗೆಯುವುದಲ್ಲ, ಚರ್ಮವನ್ನೇ ಪ್ರಶ್ನೆ ಕೇಳುವುದು. ಆ 56ರ ಲೆಕ್ಕ ನೆನಪಿದ್ದರೆ ಇದರ ಕೊರತೆಯೂ ತಿಳಿಯುತ್ತದೆ: ಬೆನ್ನಿನ ಮೇಲೆ ಕೆಂಪಾಯಿತೆಂದ ಮಾತ್ರಕ್ಕೆ ಕೈಮೇಲಿನ ರೋಗಕ್ಕೆ ಅದೇ ಕಾರಣ ಎನ್ನಲಾಗದು. ಕೈಮೇಲೆ ಈಗ ಏನು ನಡೆದಿದೆ ಎಂಬುದನ್ನು ಅಲ್ಲಿಯ ಚರ್ಮವೇ ಹೇಳಬೇಕು.

ಅದಕ್ಕೆ ಬಹುಕಾಲದಿಂದ ಇರುವ ದಾರಿ ಬಯಾಪ್ಸಿ. ಜನ ಹೆದರುವುದು ಇದಕ್ಕೇ. ನಾವು ಮಣ್ಣು ಪರೀಕ್ಷೆಗೆ ಕೊಳವೆ ಆಗರ್ ಇಳಿಸಿ ತಿರುಗಿಸುತ್ತೇವಲ್ಲ, ಅಂಥದ್ದೇ ಒಂದು ಚೂಪು ಕೊಳವೆ. 1887ರಲ್ಲಿ ಅಮೆರಿಕದ ಕೀಸ್ ಎಂಬ ವೈದ್ಯ ಬಳಕೆಗೆ ತಂದದ್ದು. ಮರಗಟ್ಟುವ ಚುಚ್ಚುಮದ್ದು ಕೊಟ್ಟು 3-4 ಮಿಲಿಮೀಟರ್ ಅಗಲದ ಚೂರು ತೆಗೆಯುತ್ತಾರೆ, ಒಂದು ಹೊಲಿಗೆ ಹಾಕುತ್ತಾರೆ. ಅಂದರೆ ಕಾಳುಮೆಣಸಿನ ಒಂದು ಕಾಳಿನಷ್ಟು. ಚರ್ಮದ ಎಲ್ಲ ಪದರಗಳೂ ಇದ್ದಂತೆಯೇ ಸಿಗುವುದರಿಂದ ಕೆಲವು ರೋಗಗಳಿಗೆ ಇದಕ್ಕೆ ಬದಲಿಯೇ ಇಲ್ಲ. ಆದರೆ ಕಲೆ ಉಳಿಯುತ್ತದೆ. ಮಳೆಗಾಲದಲ್ಲಿ ಕೆಸರಿನಲ್ಲಿ ದುಡಿಯುವವರು ಆ ಗಾಯವನ್ನು ಜೋಪಾನ ಮಾಡುವುದು ಕಷ್ಟ. ಎಳೆ ಮಗುವಿನ ಮುಖದಿಂದ ತೆಗೆಯಲು ಯಾವ ತಾಯಿಯೂ ಒಪ್ಪಳು. ಒಬ್ಬರಿಂದಲೇ ತಿಂಗಳಿಗೊಮ್ಮೆ ತೆಗೆದು ಔಷಧ ನಾಟುತ್ತಿದೆಯೇ ಎಂದು ನೋಡುವುದಂತೂ ಆಗದ ಮಾತು. ಇಸಬಿನ ಮಕ್ಕಳ ವಿಷಯದಲ್ಲಿ ವಿಜ್ಞಾನ ಬಹಳ ಕಾಲ ಕತ್ತಲಲ್ಲಿ ತಡವರಿಸಿದ್ದಕ್ಕೆ ಇದೂ ಒಂದು ಕಾರಣ.

ಈಗ ಅಂಟುಪಟ್ಟಿ. ಕಂಬಳಿಹುಳು ತಾಗಿದಾಗ ಉಜ್ಜಬಾರದು, ಅಂಟುಪಟ್ಟಿ ಒತ್ತಿ ಕಿತ್ತರೆ ರೋಮಗಳು ಅದಕ್ಕೆ ಹತ್ತಿಕೊಂಡು ಬರುತ್ತವೆ ಎಂಬುದು ನಮ್ಮಲ್ಲಿ ಕೆಲವರಿಗೆ ಅನುಭವದಿಂದ ಗೊತ್ತು. ಆ ಪಟ್ಟಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ರೋಮದ ಜೊತೆ ತೆಳ್ಳನೆಯ ಹೊಟ್ಟೂ ಕಾಣುತ್ತದೆ. ಅದೇ ನಮ್ಮ ಚರ್ಮದ ಹೊರಪದರ. ಅಮೆರಿಕದ ಹರ್ಮನ್ ಪಿಂಕಸ್ 1951ರಲ್ಲಿ ಈ ಉಪಾಯವನ್ನೇ ಪದ್ಧತಿಯಾಗಿ ಮಾಡಿದರು: ಒಂದೇ ಜಾಗಕ್ಕೆ ಅಂಟುಪಟ್ಟಿಯನ್ನು ಮತ್ತೆ ಮತ್ತೆ ಹಚ್ಚಿ ಕೀಳುತ್ತಾ ಚರ್ಮದ ಮೇಲ್ಪದರವನ್ನು ಎಲೆ ಎಲೆಯಾಗಿ ಬಿಡಿಸುವುದು. ಮೈಯ ಬಹುಭಾಗದಲ್ಲಿ ಆ ಮೇಲ್ಪದರ ಒಂದು ಕಾಗದದ ಹಾಳೆಯ ಐದನೆಯ ಒಂದು ಭಾಗದಷ್ಟೂ ದಪ್ಪವಿರುವುದಿಲ್ಲ. ಈಗ ಬಳಸುವುದು ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕದಾದ, ಸುಮಾರು 22 ಮಿಲಿಮೀಟರ್ ಅಗಲದ ಅಂಟುಬಿಲ್ಲೆ. ಒಂದೇ ಸಮನಾದ ಒತ್ತಡದಲ್ಲಿ ಕೆಲವು ಸೆಕೆಂಡು ಅದುಮಿ ಕೀಳುತ್ತಾರೆ. ಅದೇ ಜಾಗದಲ್ಲಿ ಹತ್ತೋ ಇಪ್ಪತ್ತೋ ಬಿಲ್ಲೆಗಳು. ನೋವೆಂದರೆ ಗಾಯದ ಪಟ್ಟಿ ಕಿತ್ತಷ್ಟು. ರಕ್ತ ಬರುವುದಿಲ್ಲ.

ಸತ್ತ ಹೊಟ್ಟಿನಲ್ಲಿ ಏನು ಸಿಕ್ಕೀತು ಎಂದು ಬಹುಕಾಲ ಯಾರೂ ಹೆಚ್ಚು ತಲೆಕೆಡಿಸಿಕೊಂಡಿರಲಿಲ್ಲ. ಆದರೆ ಆ ಹೊಟ್ಟು ಕೆಲವೇ ದಿನಗಳ ಕೆಳಗೆ ಜೀವಂತ ಕಣವಾಗಿತ್ತು. ಉರಿಯೂತದಲ್ಲಿ ಕಾವಲು ಕಣಗಳು ಪರಸ್ಪರ ಕಳಿಸುವ ಸಂದೇಶ ವಸ್ತುಗಳ ಅಂಶ ಅದರಲ್ಲಿ ಉಳಿದಿರುತ್ತದೆ. ಕೆಳಗಿನ ಪದರದ ಒಂದಿಷ್ಟು ಆರ್‌ಎನ್‌ಎ ಕೂಡ ಅಂಟಿಕೊಂಡು ಬರುತ್ತದೆ. ಅಂಟುಬಿಲ್ಲೆಯನ್ನು ಕೂಡಲೇ ಹೆಪ್ಪುಗಟ್ಟಿಸಿಟ್ಟು ಅದರಿಂದ ಇವನ್ನು ಅಳೆಯುವ ಸೂಕ್ಷ್ಮ ಯಂತ್ರಗಳು ಈಗ ಇವೆ. ಇಸಬಿನಲ್ಲಿ ಇಂಟರ್‌ಲ್ಯೂಕಿನ್-13 ಎಂಬ ಸಂದೇಶ ಹೆಚ್ಚು, ಸೋರಿಯಾಸಿಸ್‌ನಲ್ಲಿ ಇಂಟರ್‌ಲ್ಯೂಕಿನ್-17ರದ್ದು ಮೇಲುಗೈ. 2019ರಲ್ಲಿ ನ್ಯೂಯಾರ್ಕಿನ ಎಮ್ಮಾ ಗಟ್‌ಮನ್-ಯಾಸ್ಕಿ ಅವರ ತಂಡ 5 ವರ್ಷದೊಳಗಿನ ಮಕ್ಕಳಲ್ಲಿ, ಕೊಳವೆ ಇಳಿಸದೆ ಬರೀ ಅಂಟುಬಿಲ್ಲೆಯಿಂದಲೇ ಇಸಬಿನ ಗುರುತುಗಳನ್ನು ಓದಿ ತೋರಿಸಿತು. 2021ರಲ್ಲಿ ಅದೇ ತಂಡದ ಇನ್ನೊಂದು ಸಣ್ಣ ಅಧ್ಯಯನದಲ್ಲಿ ಎನ್‌ಓಎಸ್2 ಎಂಬ ಒಂದೇ ವಂಶವಾಹಿಯ ಅಳತೆಯಿಂದ ಇಸಬನ್ನೂ ಸೋರಿಯಾಸಿಸ್ಸನ್ನೂ ಬೇರ್ಪಡಿಸಲು ಸಾಧ್ಯವಾಯಿತು.

ಇದರಿಂದೇನು ಪ್ರಯೋಜನ? ಇಸಬಿಗೆ ಒಂದು ಸಂದೇಶವನ್ನು ತಡೆಯುವ ಚುಚ್ಚುಮದ್ದು, ಸೋರಿಯಾಸಿಸ್‌ಗೆ ಇನ್ನೊಂದನ್ನು ತಡೆಯುವ ಚುಚ್ಚುಮದ್ದು ಬಂದಿವೆ. ಎರಡೂ ನಮ್ಮಂಥವರ ಜೇಬಿಗೆ ಭಾರವಾದವು. ಇದರದ್ದನ್ನು ಅದಕ್ಕೆ ಕೊಟ್ಟರೆ ಹಣವೂ ಹೋಯಿತು, ರೋಗವೂ ಉಳಿಯಿತು.

ನನಗೆ ಹೆಚ್ಚು ಸ್ವಾರಸ್ಯವೆನಿಸಿದ್ದು ಅಮೆರಿಕದ ಡೆನ್ವರ್ ನಗರದ ಡೊನಾಲ್ಡ್ ಲೆಯುಂಗ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಕೆಲಸ. ಅವರು ಅಂಟುಬಿಲ್ಲೆ ಹಚ್ಚಿದ್ದು ಮಕ್ಕಳ ರೋಗವಿಲ್ಲದ, ನುಣುಪಾಗಿ ಕಾಣುವ ಚರ್ಮಕ್ಕೆ. ಇಸಬಿನ ಜೊತೆಗೆ ಆಹಾರದ ಒಗ್ಗದಿಕೆಯೂ ಇದ್ದ ಮಕ್ಕಳಲ್ಲಿ ಆ ನುಣುಪು ಚರ್ಮದ ಹೊರಗೋಡೆಯೂ ದುರ್ಬಲವಾಗಿತ್ತು. ಬೆಂಗಳೂರಿನ ಪಾರ್ಥೇನಿಯಂ ಲೆಕ್ಕ ಹೇಳಿದ್ದೂ ಇಂಥದೇ ಸಂಗತಿ: ರೋಗ ಕಣ್ಣಿಗೆ ಬೀಳುವುದಕ್ಕೆ ಮೊದಲೇ ಚರ್ಮಕ್ಕೆ ಅದು ಗೊತ್ತಿರುತ್ತದೆ. ಬಯಾಪ್ಸಿಗಾಗಿ ಯಾರೂ ಒಳ್ಳೆಯ ಚರ್ಮ ಕೊಡುವುದಿಲ್ಲ, ಅಂಟುಬಿಲ್ಲೆಗಾದರೆ ಕೊಟ್ಟಾರು.

ಬೇರೆ ಉಪಾಯಗಳೂ ಇವೆ. 1960ರ ದಶಕದಲ್ಲಿ ಫಿನ್ಲೆಂಡಿನವರು ಮೆಲ್ಲನೆ ಗಾಳಿ ಎಳೆದು ಬೊಬ್ಬೆ ಎಬ್ಬಿಸಿ ಅದರ ನೀರನ್ನು ಪರೀಕ್ಷಿಸುವ ವಿಧಾನ ಕಂಡುಹಿಡಿದರು. ಕೂದಲೆಳೆಯಷ್ಟು ಸಣ್ಣ ಸೂಜಿಗಳ ಪಟ್ಟಿಯಿಂದ ರಸ ಹೀರುವ ಪ್ರಯೋಗಗಳೂ ನಡೆದಿವೆ.

ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ಈ ಅಂಟುಬಿಲ್ಲೆಯ ಪರೀಕ್ಷೆ ಇನ್ನೂ ಸಂಶೋಧನಾಲಯದ್ದು. ಮೂಡಿಗೆರೆಗೆ ಹೋಗಿ ಕೇಳಿದರೆ ಸಿಗುವಂಥದಲ್ಲ. ಆಳದಲ್ಲಿರುವ ಗಂಟಿಗೂ ಕ್ಯಾನ್ಸರಿನ ಸಂಶಯಕ್ಕೂ ಕೊಳವೆಯ ಬಯಾಪ್ಸಿಯೇ ಗತಿ. ಬಿಲ್ಲೆಯ ಅಂಟು, ಒತ್ತುವ ಬಲ, ಎಷ್ಟನೆಯ ಬಿಲ್ಲೆ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ತೋಟದ ಒಂದು ಮೂಲೆಯ ಮಣ್ಣು ಒಯ್ದು ಇಡೀ ತೋಟಕ್ಕೆ ಗೊಬ್ಬರದ ಲೆಕ್ಕ ಹಾಕಿದ ಹಾಗೆ ಆಗಬಾರದಷ್ಟೆ.

ಕೆರೆತದ ಪರೀಕ್ಷೆ, ಪ್ಯಾಚ್ ಪರೀಕ್ಷೆ, ಬಯಾಪ್ಸಿ ಈ ಮೂರಕ್ಕೂ ಹಾಸನ, ಶಿವಮೊಗ್ಗ, ಮಂಗಳೂರುಗಳ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಗಳಲ್ಲಿ ವಿಚಾರಿಸಬಹುದು. ಹೋಗುವಾಗ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಕೊಂಡೊಯ್ಯಿರಿ. ಹೆಸರು ಹೇಳುವುದಕ್ಕಿಂತ ತೋರಿಸುವುದು ಲೇಸು. ಕೆರೆತಕ್ಕೆ ಹೋಗುವ ದಿನ ಆ ಜಾಗಕ್ಕೆ ಮುಲಾಮು, ಎಣ್ಣೆ ಹಚ್ಚಬೇಡಿ. ಮುಲಾಮು ಕೆಲವು ದಿನ ಹಚ್ಚುತ್ತಾ ಬಂದಿದ್ದರೆ ಬೂಷ್ಟು ಇದ್ದರೂ ಕಾಣದೆ ಹೋಗಬಹುದು, ಆದ್ದರಿಂದ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು. ಪ್ಯಾಚ್ ಪರೀಕ್ಷೆಯ ಅಷ್ಟೂ ದಿನ ಬೆನ್ನಿಗೆ ನೀರು ಸೋಕಬಾರದು, ಬೆವರುವ ಕೆಲಸ ಮಾಡಬಾರದು. ಕೊಯ್ಲಿನಲ್ಲಿ ಇದು ಸಾಧ್ಯವಿಲ್ಲ, ಮಳೆಯಲ್ಲಿಯೂ ಕಷ್ಟ. ರೊಬಸ್ಟಾ ಮುಗಿದು ಮುಂಗಾರು ಹಿಡಿಯುವುದರೊಳಗಿನ ವಾರಗಳು ಅನುಕೂಲ. ಕಾಲೇಜಿಗೆ ಎರಡು ಮೂರು ಸಲ ಹೋಗಿಬರಬೇಕಾದ್ದರಿಂದ ಬಸ್ಸಿನ ಖರ್ಚು, ಆ ದಿನಗಳ ಕೂಲಿ ಇವನ್ನು ತೋಟದವರೇ ಭರಿಸಿದರೆ ಮಾತ್ರ ಕೆಲಸದವರು ಹೊರಡುತ್ತಾರೆ. ಇಲ್ಲದಿದ್ದರೆ ಮತ್ತೆ ಟ್ಯೂಬೇ.

ಆಕೆಗೆ ಎರಡೂವರೆ ತಿಂಗಳು ಮಾತ್ರೆ ಬೇಕಾಯಿತು. ಒಂದೇ ಕೋಣೆಯಲ್ಲಿ ಮಲಗುವ ಅವಳ ಇಬ್ಬರು ಮಕ್ಕಳಿಗೂ ಹರಡಿತ್ತು, ಅವರಿಗೂ ಕೆರೆದು ನೋಡಿದರು. ಬಟ್ಟೆಯನ್ನು ಬೇರೆಯಾಗಿ ಒಗೆದು ಬಿಸಿಲಿಗೆ ಹಾಕಿ ಎಂದರು ವೈದ್ಯರು. ಆಗಸ್ಟ್ ತಿಂಗಳ ಗೋಣಿಬೀಡಿನಲ್ಲಿ ಬಿಸಿಲು ಎಲ್ಲಿಂದ ತರುವುದು? ಅಡಿಕೆ ಬೇಯಿಸುವ ಒಲೆಯ ಪಕ್ಕದಲ್ಲಿ ಒಂದು ತಂತಿ ಕಟ್ಟಿಸಿಕೊಟ್ಟಿದ್ದೇನೆ.